ಫೇಸ್‌ಲಿಫ್ಟ್ ಆಗಿ ಮೂರೂವರೆ ವಾರ: ಗೆರೆ ಕೆಂಪಗಾಗಿದೆ, ಕೆಟ್ಟಿಲ್ಲ

ಪ್ರಶ್ನೆ: ನನಗೆ 57 ವರ್ಷ. ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ ಇದೆ. ಬೆಂಗಳೂರಿನಲ್ಲಿ ಫೇಸ್‌ಲಿಫ್ಟ್ (ಮುಖದ ಜೋತ ಚರ್ಮ ಬಿಗಿ ಮಾಡುವ ಆಪರೇಷನ್) ಮಾಡಿಸಿಕೊಂಡು 24 ದಿನ ಆಯಿತು. ಹೊಲಿಗೆ ಬಿಚ್ಚಿದಾಗ ಗೆರೆ ತೆಳ್ಳಗೆ, ಚೆನ್ನಾಗಿತ್ತು. ಈಗ ಕಿವಿ ಮುಂದೆ ಕೆಂಪಗಾಗಿ ಉಬ್ಬಿದೆ. ಕಿವಿ ಹಿಂದೆ ಗಟ್ಟಿಯಾಗಿದೆ. ಎಡಗಡೆ ಊತ ಜಾಸ್ತಿ. ಕಿವಿ ಹಾಲೆ ಮುಟ್ಟಿದರೆ ಗೊತ್ತೇ ಆಗಲ್ಲ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕು ಅಂತ ಅತ್ತಿಗೆ ಹೇಳುತ್ತಾರೆ. ಮೊಟ್ಟೆ, ಮೀನು, ಬದನೆಕಾಯಿ ನಂಜು ಅಂತ ಬಿಡಿಸಿದ್ದಾರೆ. ಇನ್ನು ಐದು ವಾರಕ್ಕೆ ಅಣ್ಣನ ಮಗಳ ಮದುವೆ. ಅಷ್ಟರಲ್ಲಿ ಸರಿ ಹೋಗುತ್ತಾ? ಓಲೆ ಹಾಕಬಹುದಾ? ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಆಪರೇಷನ್ ಕೆಟ್ಟಿತಾ ಡಾಕ್ಟ್ರೇ?

ಉತ್ತರ: ಕೆಟ್ಟಿಲ್ಲ. ಪತ್ರ ಓದಿದರೆ ಗಾಯ ನೋಡಿದ ಹಾಗಾಗುವುದಿಲ್ಲ, ಆ ಮಾತು ನಿಜ. ಆದರೆ ನೀವು ಬರೆದಿರುವುದೆಲ್ಲ ನಾಲ್ಕನೇ ವಾರದ ಗಾಯದಲ್ಲಿ ಸಾಮಾನ್ಯವಾಗಿ ಕಾಣುವಂಥದ್ದೇ. ಚಿಕ್ಕಮಗಳೂರಿನಲ್ಲಿ ನನ್ನ ಹತ್ತಿರ ಬರುವವರಲ್ಲಿ ಫೇಸ್‌ಲಿಫ್ಟ್ ಆದವರು ಕಡಿಮೆ. ಘಾಟಿಯಲ್ಲಿ ಬೈಕಿನಿಂದ ಬಿದ್ದವರು, ಸುಟ್ಟ ಗಾಯದವರು, ಮರಗಸಿ (ತೋಟದ ನೆರಳು ಮರದ ಕೊಂಬೆ ಸವರುವುದು) ಮಾಡುವಾಗ ಕತ್ತಿ ತಗಲಿಸಿಕೊಂಡವರು ಜಾಸ್ತಿ. ಅವರು ಕೂಡ ಈ ಹೊತ್ತಿಗೆ ಸರಿಯಾಗಿ ಇದೇ ದೂರು ತರುತ್ತಾರೆ: ಹೊಲಿಗೆ ಬಿಚ್ಚಿದಾಗ ಚೆನ್ನಾಗಿತ್ತು, ಈಗ ಹೀಗಾಗಿದೆ. ಚಾಕು ಹಿಡಿದವರು ಸರ್ಜನ್ನೋ, ತಗಲಿದ್ದು ಕತ್ತಿಯೋ, ಚರ್ಮಕ್ಕೆ ಅದು ಗೊತ್ತಾಗುವುದಿಲ್ಲ. ವಾಸಿಯಾಗುವ ಕ್ರಮ ಎಲ್ಲರಿಗೂ ಒಂದೇ.

ಹೊಲಿಗೆ ಬಿಚ್ಚಿದ ದಿನ ನೀವು ನೋಡಿದ ತೆಳ್ಳಗಿನ ಗೆರೆ ವಾಸಿಯಾದ ಗಾಯವಾಗಿರಲಿಲ್ಲ. ಅಂಚುಗಳು ಕೂಡಿದ್ದವು, ಅಷ್ಟೇ. ಕಿವಿಯ ಮುಂದಿನ ಹೊಲಿಗೆಯನ್ನು ಸಾಮಾನ್ಯವಾಗಿ 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ, ಕಿವಿಯ ಹಿಂದಿನದನ್ನೂ ಕೂದಲ ಒಳಗಿನದನ್ನೂ 10 ದಿನದ ಹೊತ್ತಿಗೆ. ಆಗ ಗಾಯಕ್ಕೆ ಹೇಳಿಕೊಳ್ಳುವ ಬಲವೇ ಇರುವುದಿಲ್ಲ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ದೇಹ ಅಲ್ಲಿಗೆ ಸಣ್ಣ ಸಣ್ಣ ರಕ್ತನಾಳ ಬೆಳೆಸುತ್ತದೆ. ಅದಕ್ಕೇ ಕೆಂಪು. ಕೊಲಾಜೆನ್ ಎನ್ನುವ ನಾರನ್ನು ಬೇಕಾದ್ದಕ್ಕಿಂತ ಜಾಸ್ತಿ ತಂದು ಹಾಕುತ್ತದೆ. ಅದಕ್ಕೇ ಉಬ್ಬು, ಗಟ್ಟಿ. ಸೌದೆ ಲಾರಿ ಬಂದು ಅಂಗಳದಲ್ಲಿ ಸುರಿದು ಹೋಗುತ್ತದಲ್ಲ, ಹಾಗೆ ಈ ನಾರು ಮೊದಲು ಅಡ್ಡಾದಿಡ್ಡಿ ಬೀಳುತ್ತದೆ. ಒಂದೊಂದೇ ಎತ್ತಿ, ಒಟ್ಟಿ, ಹೆಚ್ಚಾದದ್ದನ್ನು ಆಚೆ ಹಾಕುವ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಮೂರನೇ ವಾರಕ್ಕೆ ಗಾಯಕ್ಕೆ ಮೊದಲಿನ ಚರ್ಮದ ಕಾಲು ಭಾಗದಷ್ಟು ಬಲ ಬಂದಿರುತ್ತದೆ. ಮೂರು ತಿಂಗಳಿಗೆ ಸುಮಾರು 80%. ಅದಕ್ಕಿಂತ ಮೇಲೆ ಹೆಚ್ಚು ಏರುವುದಿಲ್ಲ. ಬಣ್ಣದ ಲೆಕ್ಕ ಬೇರೆ. ನಾಲ್ಕನೇ ವಾರದಿಂದ ಮೂರನೇ ತಿಂಗಳವರೆಗೆ ಗೆರೆ ಅತಿ ಕೆಂಪು, ಅತಿ ಗಟ್ಟಿ. ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಪೂರ್ತಿ ತಣ್ಣಗಾಗಿ ಚರ್ಮದ ಬಣ್ಣಕ್ಕೆ ಹತ್ತಿರ ಬರಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಬೇಕು. ನೀವೀಗ ಏರು ದಾರಿಯ ಮಧ್ಯದಲ್ಲಿದ್ದೀರಿ. ಇನ್ನೂ ಸ್ವಲ್ಪ ಕೆಂಪಾದರೆ ಗಾಬರಿ ಬೇಡ. ದಿನಾ ಬಚ್ಚಲುಮನೆಯ ಲೈಟಿನಲ್ಲಿ ಕನ್ನಡಿ ನೋಡಿ ಅಳೆಯಬೇಡಿ. ಹದಿನೈದು ದಿನಕ್ಕೊಮ್ಮೆ ಒಂದೇ ಕಿಟಕಿ ಹತ್ತಿರ, ಒಂದೇ ಹೊತ್ತಿನಲ್ಲಿ ಫೋಟೊ ತೆಗೆದಿಡಿ. ಬದಲಾವಣೆ ಕಾಣುವುದು ಅದರಲ್ಲಿ.

ಕಿವಿಯ ಹಿಂದೆ ಯಾಕೆ ಹೆಚ್ಚು ಗಟ್ಟಿ? ಎಳೆತ ಬೀಳುವುದು ಅಲ್ಲಿ. ಕತ್ತು ತಿರುಗಿಸಿದಾಗಲೆಲ್ಲ ಆ ಗೆರೆ ಜಗ್ಗುತ್ತದೆ. ಮೊದಲೆಲ್ಲ ಫೇಸ್‌ಲಿಫ್ಟ್ ಎಂದರೆ ಚರ್ಮ ಎಳೆದು, ಹೆಚ್ಚಿದ್ದನ್ನು ಕತ್ತರಿಸಿ ಹೊಲಿಯುವುದಷ್ಟೇ ಆಗಿತ್ತು. ಚರ್ಮದ ಕೆಳಗೆ, ಮುಖದ ಸ್ನಾಯುಗಳ ಜೊತೆ ಸೇರಿಕೊಂಡಿರುವ ಒಂದು ಗಟ್ಟಿ ಪದರ ಇದೆ. ಅದನ್ನು ‘ಸ್ಮಾಸ್’ ಎನ್ನುತ್ತಾರೆ. 1976ರಲ್ಲಿ ಮಿಟ್ಸ್ ಮತ್ತು ಪೆರೋನಿ ಎಂಬಿಬ್ಬರು ಫ್ರಾನ್ಸಿನ ವೈದ್ಯರು ಅದನ್ನು ವಿವರಿಸಿದರು. ಈಗ ಭಾರವನ್ನೆಲ್ಲ ಆ ಒಳ ಪದರದ ಮೇಲೆ ಹಾಕಿ, ಚರ್ಮವನ್ನು ಎಳೆತವಿಲ್ಲದೆ ಕೂಡಿಸುವುದು ಪದ್ಧತಿ. ಗೆರೆ ಕೊನೆಗೆ ಸಣ್ಣದಾಗಿ ಉಳಿಯುವುದು ಇದರಿಂದ. ಆದರೆ ಒಳಗೂ ಹೊಲಿಗೆಗಳಿವೆ ಎಂಬುದು ನೆನಪಿರಲಿ. ಕೆನ್ನೆಯಲ್ಲೋ ದವಡೆಯ ಕೆಳಗೋ ಬೆರಳಿಗೆ ಗಂಟು ಗಂಟಾಗಿ ಸಿಗುವುದು ಆ ಹೊಲಿಗೆ, ಸ್ವಲ್ಪ ಊತ, ಸ್ವಲ್ಪ ಹೆಪ್ಪುಗಟ್ಟಿದ ಹಳೇ ರಕ್ತ. ಎರಡು ಮೂರು ತಿಂಗಳಲ್ಲಿ ಮೆತ್ತಗಾಗುತ್ತವೆ.

ಇನ್ನೊಂದು ಸಂಗತಿ ಈಗಲೇ ಹೇಳಿಬಿಡುತ್ತೇನೆ. ಮುಂದಿನ ಕೆಲವು ವಾರಗಳಲ್ಲಿ ಗೆರೆಯ ಮೇಲೆ ಒಂದು ಸಣ್ಣ ಮೊಡವೆ ಏಳಬಹುದು. ತುದಿಯಲ್ಲಿ ದಾರದ ಚೂರು ಇಣುಕಬಹುದು. ಅದು ಕರಗುವ ಒಳಹೊಲಿಗೆಯ ಗಂಟು. ಕರಗುವ ಮೊದಲೇ ದೇಹ ಅದನ್ನು ಹೊರಗೆ ತಳ್ಳುತ್ತಿದೆ. ಹಿಸುಕಬೇಡಿ, ಪಿನ್ ಹಾಕಿ ಕೆದಕಬೇಡಿ. ಡಾಕ್ಟರ ಹತ್ತಿರ ಹೋದರೆ ಎರಡು ನಿಮಿಷದಲ್ಲಿ ತೆಗೆಯುತ್ತಾರೆ.

ಎಡಗಡೆ ಊತದ ವಿಷಯ. ಊತ ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವುದು ಅಪರೂಪ. ಮಲಗುವ ಮಗ್ಗುಲು, ಒಳಗೆ ಆದ ರಕ್ತಸ್ರಾವ, ಮೊದಲಿನಿಂದಲೂ ಮುಖದಲ್ಲಿದ್ದ ಏರುಪೇರು, ಎಲ್ಲವೂ ಸೇರುತ್ತವೆ. ಆಪರೇಷನ್‌ಗೆ ಮುಂಚಿನ ಫೋಟೊ ತೆಗೆದು ನೋಡಿ. ಎಡ ಬಲ ಆಗಲೂ ಒಂದೇ ಇರಲಿಲ್ಲ ಅನ್ನುವುದು ಬಹಳ ಜನಕ್ಕೆ ಆಮೇಲೆ ಗೊತ್ತಾಗುತ್ತದೆ. ಊತದ ಹೆಚ್ಚಿನ ಭಾಗ ಮೂರು ವಾರದಲ್ಲಿ ಇಳಿಯುತ್ತದೆ, ಉಳಿದದ್ದಕ್ಕೆ ತಿಂಗಳುಗಳು ಬೇಕು. ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ ಇರುತ್ತದೆ. ತಲೆ ಸ್ವಲ್ಪ ಎತ್ತರಕ್ಕಿಟ್ಟು ಮಲಗಿ. ಆದರೆ ದಿಂಬಿನ ಮೇಲೆ ದಿಂಬು ಹಾಕಿ ಗದ್ದ ಎದೆಗೆ ಒತ್ತಿಕೊಳ್ಳಬೇಡಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಹೆದರಿಸುತ್ತಿರುವುದು ಕೆಂಪು ಗೆರೆ. ನನಗೆ ಚಿಂತೆ ಮಾಡುವಂತೆ ಕಂಡದ್ದು ನೀವು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ ಮಾತು: ಹಾಲೆ ಮುಟ್ಟಿದರೆ ಗೊತ್ತೇ ಆಗಲ್ಲ ಎಂಬುದು. ಜೋಮು ಹಿಡಿದಿರುವುದು ಆಶ್ಚರ್ಯವಲ್ಲ. ಚರ್ಮವನ್ನು ಕೆಳಗಿನಿಂದ ಬಿಡಿಸುವಾಗ ಸಣ್ಣ ನರಗಳು ತುಂಡಾಗುತ್ತವೆ. ಹಾಲೆಗೆ ಸ್ಪರ್ಶ ಕೊಡುವ ಗ್ರೇಟ್ ಆರಿಕ್ಯುಲರ್ ನರ ಕತ್ತಿನಿಂದ ಕಿವಿಗೆ ಏರಿ ಬರುವುದು ಇದೇ ದಾರಿಯಲ್ಲಿ. ಈ ಆಪರೇಷನ್‌ನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ನರವೂ ಅದೇ. ತುಂಡಾದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸ್ಪರ್ಶ ಮರಳುತ್ತದೆ, ಕೆಲವರಿಗೆ ಒಂದು ವರ್ಷ ಹಿಡಿಯುತ್ತದೆ. ಆ ಮುಖ್ಯ ನರಕ್ಕೇ ಪೆಟ್ಟಾಗಿದ್ದರೆ ಹಾಲೆಯಲ್ಲಿ ಸ್ವಲ್ಪ ಜೋಮು ಉಳಿದೂ ಹೋಗಬಹುದು. ಮಧ್ಯೆ ತುರಿಕೆ, ಚುಚ್ಚಿದ ಹಾಗೆ, ಕರೆಂಟ್ ಹೊಡೆದ ಹಾಗೆ ಆದರೆ ಅದು ನರ ಏಳುತ್ತಿರುವ ಲಕ್ಷಣ.

ತೊಂದರೆ ಏನೆಂದರೆ, ಜೋಮು ಹಿಡಿದ ಚರ್ಮ ನಿಮಗೆ ಎಚ್ಚರಿಕೆ ಕೊಡುವುದಿಲ್ಲ. ಸುಟ್ಟರೂ ಗೊತ್ತಾಗುವುದಿಲ್ಲ, ಜಗ್ಗಿದರೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಚಳಿಗೆ ಬಚ್ಚಲ ಒಲೆ ಮುಂದೆ ಕೂತು ಮುಖ ಕಾಯಿಸಿಕೊಳ್ಳುವ ಅಭ್ಯಾಸ ಇದೆ. ಸದ್ಯಕ್ಕೆ ಬೇಡ. ಹಂಡೆಯ ನೀರು ಕೈಗೆ ಹಿತವಾಗಿದೆಯಾ ನೋಡಿಕೊಂಡೇ ತಲೆಗೆ ಹಾಕಿ. ಯಾರೋ ಬಟ್ಟೆ ಬಿಸಿ ಮಾಡಿ ಶಾಖ ಕೊಡುತ್ತೇನೆ ಅಂದರೆ ಖಂಡಿತ ಬೇಡ ಅನ್ನಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿಯಲ್ಲಿಡಿ. ಐಸ್ ಕೂಡ ಹಾಗೇ, ನೇರವಾಗಿ ಇಟ್ಟರೆ ಚರ್ಮ ಸಾಯುತ್ತದೆ. ಕೂದಲು ಬಾಚುವಾಗ ಹಣಿಗೆಯ ಹಲ್ಲು ಕಿವಿಯ ಹಿಂದೆ ಗೀರಿದರೂ ತಿಳಿಯುವುದಿಲ್ಲ. ಆದ್ದರಿಂದ ದಿನಕ್ಕೊಮ್ಮೆ ಕಣ್ಣಿನಿಂದ ನೋಡಬೇಕು. ನಿಮಗೆ ಕಾಣದ ಕಡೆ ಮಗಳೋ ಸೊಸೆಯೋ ನೋಡಲಿ. ನೋವಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಅಂತ ಇಲ್ಲಿ ಲೆಕ್ಕ ಹಾಕುವ ಹಾಗಿಲ್ಲ.

ನಂಜಿನ ಮಾತಿಗೆ ಬರೋಣ. ನಮ್ಮ ಊರುಗಳಲ್ಲಿ ಆಪರೇಷನ್ ಆದವರಿಗೆ ಗಂಜಿ, ಸಪ್ಪೆ ಸಾರು ಮಾತ್ರ ಕೊಡುವುದು ಪ್ರೀತಿಯಿಂದಲೇ. ಆದರೆ ಗಾಯ ಕಟ್ಟಲು ಬೇಕಾದ ಸಾಮಾನನ್ನೇ ಅದು ತಡೆಯುತ್ತದೆ. ಮೇಲೆ ಹೇಳಿದ ಕೊಲಾಜೆನ್ ಪ್ರೋಟೀನ್‌ನಿಂದಲೇ ಆಗುವುದು. ಮೊಟ್ಟೆ ತಿಂದರೆ ಕೀವು ಆಗುವುದಿಲ್ಲ. ಕೀವು ಆಗುವುದು ರೋಗಾಣುವಿನಿಂದ. ಮೊಟ್ಟೆ, ಮೀನು, ಕೋಳಿ, ಬೇಳೆ, ಹೆಸರುಕಾಳು, ಮೊಸರು, ಯಾವುದು ರೂಢಿಯೋ ಅದನ್ನು ತಿನ್ನಿ. ನೆಲ್ಲಿಕಾಯಿ, ಸೀಬೆಹಣ್ಣು, ಕಿತ್ತಳೆಯಲ್ಲಿ ವಿಟಮಿನ್ ಸಿ ಇದೆ, ಕೊಲಾಜೆನ್ ಹೆಣೆಯಲು ಅದೂ ಬೇಕು. ಬದನೆಕಾಯಿ ತಿಂದು ಮೊದಲೇ ಮೈ ತುರಿಸುತ್ತಿದ್ದರೆ ಬಿಡಿ, ಇಲ್ಲವಾದರೆ ಅದರ ಮೇಲೆ ಆಪಾದನೆ ಏನಿಲ್ಲ. ದವಡೆ ಬಿಗಿ ಅನಿಸಿದರೆ ಅಕ್ಕಿ ರೊಟ್ಟಿ ಎಳೆದು ಅಗಿಯುವ ಬದಲು ಕಡುಬು ಮಾಡಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ಅದು ಹಿಡಿತದಲ್ಲಿರಬೇಕು. ಗಾಯದ ಮಟ್ಟಿಗೆ ಯಾವ ನಂಜಿಗಿಂತಲೂ ಅದು ದೊಡ್ಡ ವಿಷಯ.

ನಂಜು ಎಂದು ನಿಜವಾಗಿ ಕರೆಯಬೇಕಾದದ್ದು ಬೇರೆ ಇದೆ, ಅದನ್ನು ಯಾರೂ ಬಿಡಿಸುವುದಿಲ್ಲ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಾಕುವ ಅಭ್ಯಾಸ ನಿಮಗಿದೆಯಾ ಗೊತ್ತಿಲ್ಲ, ನೀವು ಬರೆದಿಲ್ಲ. ಸಿಗರೇಟಿನ ಬಗ್ಗೆ ಕೇಳಿದರೆ ಹೆಂಗಸರು ನಕ್ಕು ಇಲ್ಲ ಅನ್ನುತ್ತಾರೆ, ಕಡ್ಡಿಪುಡಿ ಲೆಕ್ಕಕ್ಕೇ ಬರುವುದಿಲ್ಲ. ನಿಕೋಟಿನ್ ಎರಡರಲ್ಲೂ ಇದೆ. ಅದು ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಬಿಡಿಸಿ ಮತ್ತೆ ಹೊಲಿದ ಚರ್ಮಕ್ಕೆ ರಕ್ತ ಮೊದಲೇ ದೂರದಿಂದ ಬರಬೇಕು, ಕಿವಿಯ ಹಿಂದಿನ ತುದಿಗೆ ಅತಿ ದೂರ. 1984ರಲ್ಲಿ ಅಮೆರಿಕದ ಥಾಮಸ್ ರೀಸ್ ಮತ್ತು ಜೊತೆಗಾರರು ಫೇಸ್‌ಲಿಫ್ಟ್ ಆದವರನ್ನೇ ನೋಡಿ ಬರೆದ ವರದಿ ಇದೆ: ಧೂಮಪಾನಿಗಳಲ್ಲಿ ಚರ್ಮ ಕಪ್ಪಾಗಿ ಕಳಚುವ ಅಪಾಯ ಇತರರಿಗಿಂತ ಸುಮಾರು 12 ಪಟ್ಟು. ಅವರು ನೋಡಿದ್ದು ಸಿಗರೇಟನ್ನು. ಆದರೆ ನಿಕೋಟಿನ್ ಬಾಯಿಂದ ಹೋದರೂ ರಕ್ತಕ್ಕೇ ಸೇರುವುದು. ಕಡಿಮೆ ಅಂದರೂ ಮೂರು ತಿಂಗಳು ದೂರ ಇಡಿ. ಮನೆಯಲ್ಲಿ ಯಾರಾದರೂ ಬೀಡಿ ಸೇದಿದರೆ ಆಚೆ ಜಗಲಿಗೆ ಹೋಗಲಿ.

ಅರಿಶಿನ, ಕೊಬ್ಬರಿ ಎಣ್ಣೆ? ತಿಕ್ಕುವುದಂತೂ ಬೇಡವೇ ಬೇಡ. ಕಾಲು ಭಾಗ ಬಲ ಬಂದಿರುವ ಗೆರೆಯನ್ನು ತಿಕ್ಕಿದರೆ ಅದು ಅಗಲವಾಗುತ್ತದೆ, ಇಲ್ಲವೇ ಇನ್ನಷ್ಟು ಉಬ್ಬುತ್ತದೆ. ಪೂರ್ತಿ ಮುಚ್ಚಿದ ಗಾಯದ ಮೇಲೆ ಒಂದು ಹನಿ ಶುದ್ಧ ಕೊಬ್ಬರಿ ಎಣ್ಣೆ ಸವರಿದರೆ ಒಣಗುವುದು ತಪ್ಪುತ್ತದೆ, ಸಾಮಾನ್ಯವಾಗಿ ಹಾನಿ ಇಲ್ಲ. ಅರಿಶಿನ ಪುಡಿ ಬೇಡ. ಡಬ್ಬಿಯ ಪುಡಿ ರೋಗಾಣುಮುಕ್ತ ಅಲ್ಲ. ಅದರ ಹಳದಿಯಡಿ ಗಾಯದ ನಿಜವಾದ ಬಣ್ಣವೂ ಕಾಣುವುದಿಲ್ಲ. ರಕ್ತ ಬಂದರೆ ಕಾಫಿ ಪುಡಿ ಒತ್ತುವ ನಮ್ಮ ತೋಟಗಳ ಮದ್ದಂತೂ ಮುಖಕ್ಕೆ ಬರಲೇಬಾರದು, ಪುಡಿಯ ಕಣ ಚರ್ಮದೊಳಗೆ ಸೇರಿ ಕಪ್ಪು ಚುಕ್ಕೆಯಾಗಿ ಉಳಿಯಬಹುದು. ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವುದು ಈಗಿನವರ ಮನೆಮದ್ದು. 1999ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅದರಿಂದ ಕಲೆ ಸುಧಾರಿಸಲಿಲ್ಲ, ಹಚ್ಚಿಕೊಂಡವರಲ್ಲಿ ಮೂರನೇ ಒಂದು ಭಾಗದಷ್ಟು ಜನಕ್ಕೆ ಚರ್ಮದ ಅಲರ್ಜಿ ಆಯಿತು. ಇವೆಲ್ಲಕ್ಕಿಂತ ನನಗೆ ಹೆಚ್ಚು ಭಯ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ ಮೂರು ನಾಲ್ಕು ಔಷಧ ಬೆರೆತ ಕ್ರೀಮಿನದು. ಅದರಲ್ಲಿ ಸ್ಟೆರಾಯ್ಡ್ ಇರುತ್ತದೆ. ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ, ಬಣ್ಣ ಕೆಡುತ್ತದೆ.

ಹಾಗಾದರೆ ಏನು ಹಚ್ಚಬೇಕು? ಸಿಲಿಕೋನ್ ಜೆಲ್. ಸದ್ಯಕ್ಕೆ ನಾನು ನಂಬುವುದು ಅದೊಂದನ್ನೇ. ಅದು ಗೆರೆಯ ಮೇಲೆ ಪೊರೆಯಾಗಿ ನಿಂತು ತೇವ ಆರದಂತೆ ನೋಡಿಕೊಳ್ಳುತ್ತದೆ. ತೇವ ಉಳಿದರೆ ಕೊಲಾಜೆನ್ ಅತಿಯಾಗಿ ಸೇರುವುದು ತಗ್ಗುತ್ತದೆ. ಹಕ್ಕಳೆ ಪೂರ್ತಿ ಉದುರಿ, ಎಲ್ಲೂ ಬಿರುಕಿಲ್ಲ ಅಂತ ಆದಮೇಲೆ ಶುರು ಮಾಡಿ. ತೊಳೆದು ಒರೆಸಿ, ತೆಳ್ಳಗೆ, ದಿನಕ್ಕೆ ಎರಡು ಸಲ, ಎರಡು ಮೂರು ತಿಂಗಳು. ದಪ್ಪಗೆ ಹಚ್ಚಿದರೆ ಲಾಭ ಜಾಸ್ತಿ ಆಗಲ್ಲ, ದಿಂಬಿಗೆ ಅಂಟುತ್ತದೆ ಅಷ್ಟೇ. ಹಾಳೆಯ ರೂಪದಲ್ಲೂ ಸಿಲಿಕೋನ್ ಸಿಗುತ್ತದೆ, ಆದರೆ ಕಿವಿಯ ತಿರುವಿನಲ್ಲಿ ಅದು ನಿಲ್ಲುವುದಿಲ್ಲ. ನಿಮ್ಮ ಸರ್ಜನ್ ಒಪ್ಪಿದರೆ, ಬೆರಳ ತುದಿಯಿಂದ ಗೆರೆಯನ್ನು ಒತ್ತಿ ಹಿಡಿದು ಬಿಡುವ ವ್ಯಾಯಾಮವನ್ನೂ ಈಗ ಶುರು ಮಾಡಬಹುದು. ಬೆರಳು ಜಾರಬಾರದು. ಚರ್ಮದ ಜೊತೆಗೇ ಅಲುಗಬೇಕು.

ಬಿಸಿಲು. ಈಗ ಕಣದಲ್ಲಿ ಕಾಫಿ ಹರಡಿರುವ ಕಾಲ. ನೀವೇ ನಿಂತು ಕಾಫಿ ಕೈಯಾಡಿಸುತ್ತೀರಿ ಅಂತ ನನ್ನ ಊಹೆ. ತಂಪು ಗಾಳಿ ಇದೆ, ಬಿಸಿಲು ಚುರುಕಿಲ್ಲ ಅನ್ನುವುದು ಮೋಸ. ನಾವಿರುವುದು ಹೆಚ್ಚು ಕಡಿಮೆ 1,000 ಮೀಟರ್ ಎತ್ತರದಲ್ಲಿ. ಸಮುದ್ರ ಮಟ್ಟಕ್ಕಿಂತ ಇಲ್ಲಿ ಅತಿನೇರಳೆ ಕಿರಣ ಸುಮಾರು 10% ಹೆಚ್ಚು. ಕಣದ ಸಿಮೆಂಟ್ ನೆಲ ಅದನ್ನು ಕೆಳಗಿನಿಂದಲೂ ಎರಚುತ್ತದೆ. ನಮ್ಮ ಕಂದು ಚರ್ಮದ ಕೆಂಪು ಗಾಯಕ್ಕೆ ಬಿಸಿಲು ಬಿದ್ದರೆ ಅದು ಕಂದುಗಪ್ಪಾಗಿ ನಿಲ್ಲುತ್ತದೆ. ಕೆಂಪು ತಾನಾಗಿ ಹೋಗುತ್ತದೆ, ಆ ಕಪ್ಪು ಸುಲಭಕ್ಕೆ ಹೋಗಲ್ಲ. ಅಗಲ ಅಂಚಿನ ಟೋಪಿ, ಅದರ ಒಳಗೆ ಹತ್ತಿಯ ವಸ್ತ್ರ, ಮುಚ್ಚಿದ ಗೆರೆಯ ಮೇಲೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್, ಮೊದಲು ಜೆಲ್, ಅದು ಆರಿದ ಮೇಲೆ ಇದು. ಒಂದು ವರ್ಷ ಇದನ್ನು ಬಿಡಬೇಡಿ. ಬೇಸರದ ಕೆಲಸ, ಗೊತ್ತು. ಈ ಸಲ ಕಣದ ಉಸ್ತುವಾರಿ ಬೇರೆ ಯಾರಿಗಾದರೂ ವಹಿಸಿದರೆ ಇನ್ನೂ ವಾಸಿ.

ಉಬ್ಬು ಎಲ್ಲಿಯವರೆಗೆ ಸಹಜ? ಗೆರೆಯ ಅಂಚಿನ ಒಳಗೇ ಇದ್ದು, ಎರಡು ಮೂರು ತಿಂಗಳಾದಮೇಲೆ ಇಳಿಯತೊಡಗಿದರೆ ಸರಿ. ಅಂಚು ದಾಟಿ ಪಕ್ಕದ ಚರ್ಮಕ್ಕೆ ಹಬ್ಬಿ ಬೆಳೆಯುತ್ತಿದ್ದರೆ ಅದು ಕೀಲಾಯ್ಡ್ ಇರಬಹುದು. ಹಿಂದೆ ಕಿವಿ ಚುಚ್ಚಿದಾಗ, ಲಸಿಕೆ ಹಾಕಿದ ಕಡೆ ನಿಮಗೋ ಮನೆಯವರಿಗೋ ಗಂಟು ಬೆಳೆದದ್ದಿದ್ದರೆ ಈಗಲೇ ಸರ್ಜನ್‌ಗೆ ಹೇಳಿ. ಬೇಗ ಹಿಡಿದರೆ ಟ್ರೈಅಮ್ಸಿನೊಲೋನ್ ಎಂಬ ಸ್ಟೆರಾಯ್ಡನ್ನು ಗೆರೆಯ ಒಳಕ್ಕೇ ಚುಚ್ಚಿ ಇಳಿಸಬಹುದು. ವೈದ್ಯರು ಅಳೆದು ಒಳಗೆ ಚುಚ್ಚುವುದೇ ಬೇರೆ, ನಾವೇ ಮುಖಕ್ಕೆಲ್ಲ ಬಳಿದುಕೊಳ್ಳುವ ಕ್ರೀಮೇ ಬೇರೆ.

ಇನ್ನು ಕಾಯದೆ ಹೋಗಬೇಕಾದ ಸಂದರ್ಭಗಳು. ಒಂದು ಕಡೆ ಇದ್ದಕ್ಕಿದ್ದಂತೆ ಗಂಟೆಗಳಲ್ಲಿ ಬಿಗಿದು ಊದಿದರೆ ಒಳಗೆ ರಕ್ತ ಸೇರಿರಬಹುದು. ಇದು ಹೆಚ್ಚಾಗಿ ಆಗುವುದು ಮೊದಲ 24 ಗಂಟೆಯಲ್ಲಿ, ನೀವು ಅದನ್ನು ದಾಟಿದ್ದೀರಿ. ಆದರೂ ಬಿಪಿ ಮಾತ್ರೆ ತಪ್ಪಿಸಬೇಡಿ, ತಲೆನೋವಿಗೆ ಅಂತ ಆಸ್ಪಿರಿನ್ ನೀವಾಗಿ ನುಂಗಬೇಡಿ. ಕೆಂಪು ಬಣ್ಣ ಗೆರೆಯಿಂದಾಚೆ ಹರಡುವುದು, ಮುಟ್ಟಿದರೆ ಬಿಸಿ, ಕೀವು, ವಾಸನೆ, ಜ್ವರ ಕಂಡರೆ ಸೋಂಕು. ಚರ್ಮ ನೀಲಿ ಕಪ್ಪಾದರೆ ರಕ್ತ ಸಿಗುತ್ತಿಲ್ಲ. ತುಟಿಯ ಒಂದು ಬದಿ ಅಥವಾ ಹುಬ್ಬು ಏಳದಿದ್ದರೆ ಮುಖದ ನರ ನೋಡಿಸಬೇಕು. ಮತ್ತೊಂದು ಅಪರೂಪದ್ದು: ಊಟಕ್ಕೆ ಕೂತಾಗಲೇ ಕೆನ್ನೆ ಉಬ್ಬುವುದು, ಗೆರೆಯಿಂದ ತಿಳಿ ನೀರು ಬರುವುದು. ಅದು ಜೊಲ್ಲು ಗ್ರಂಥಿಯ ಸೋರಿಕೆ. ನಿಮ್ಮ ಎಡಗಡೆಯ ಊತ ಊಟದ ಹೊತ್ತಿಗೆ ಹೆಚ್ಚುತ್ತದಾ, ಗಮನಿಸಿ. ಇವುಗಳಲ್ಲಿ ಯಾವುದೇ ಕಂಡರೂ ಬೆಂಗಳೂರಿನ ಸರ್ಜನ್‌ಗೆ ಫೋನ್ ಮಾಡಿ, ಆದರೆ ಅಲ್ಲಿಗೆ ಹೋಗುವವರೆಗೆ ಕಾಯಬೇಡಿ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಮೊದಲು ತೋರಿಸಿ. ನಾಚಿಕೆಗೆ ಹಲ್ಲಿನ ಆಪರೇಷನ್ ಅಂತ ಸುಳ್ಳು ಹೇಳಬೇಡಿ. ಡಾಕ್ಟರಿಗೆ ನಿಜ ಗೊತ್ತಿಲ್ಲದಿದ್ದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಈ ವಯಸ್ಸಲ್ಲಿ ಬೇಕಿತ್ತಾ ಅನ್ನುವವರಿಗೆ ನಾನು ಉತ್ತರ ಕೊಡಲು ಹೋಗುವುದಿಲ್ಲ. ಮುಖ ನಿಮ್ಮದು. ಒಂದು ಮಾತ್ರ ತಿಳಿದಿರಲಿ: ಆಪರೇಷನ್ ಆದ ಮೊದಲ ವಾರಗಳಲ್ಲಿ ಮನಸ್ಸು ಕುಗ್ಗುವುದು, ಯಾಕಾದರೂ ಮಾಡಿಸಿದೆನೋ ಅನಿಸುವುದು ಬಹಳ ಸಾಮಾನ್ಯ. ನಿದ್ದೆ ಕೆಟ್ಟಿರುತ್ತದೆ, ಕನ್ನಡಿಯಲ್ಲಿ ಊದಿದ ಮುಖ ಕಾಣುತ್ತಿರುತ್ತದೆ. ಊತ ಇಳಿದ ಹಾಗೆ ಹೆಚ್ಚಿನವರಿಗೆ ಅದೂ ಇಳಿಯುತ್ತದೆ. ಇಳಿಯದೆ ಊಟ ನಿದ್ದೆ ಬಿಟ್ಟುಹೋದರೆ ಡಾಕ್ಟರಿಗೆ ಹೇಳಿ.

ಮದುವೆಯ ಹೊತ್ತಿಗೆ ನಿಮಗೆ ಎಂಟೂವರೆ ವಾರ ಆಗಿರುತ್ತದೆ. ನಿಜ ಹೇಳುತ್ತೇನೆ: ಮುಖ ಚೆನ್ನಾಗಿರುತ್ತದೆ, ಗೆರೆ ಮಾತ್ರ ಕೆಂಪಗೇ ಇರುತ್ತದೆ. ಗಾಯ ಮುಚ್ಚಿರುವುದರಿಂದ ಮೇಕಪ್ ಮಾಡಬಹುದು. ಹಸಿರು ಛಾಯೆಯ ಕನ್ಸೀಲರ್ ಮೊದಲು, ಅದರ ಮೇಲೆ ಚರ್ಮದ ಬಣ್ಣದ್ದು. ಕೆಂಪು ಮರೆಯಾಗುತ್ತದೆ. ಮದುವೆ ದಿನವೇ ಮೊದಲ ಸಲ ಹಚ್ಚಬೇಡಿ, ವಾರ ಮುಂಚೆ ಒಮ್ಮೆ ನೋಡಿ. ಬಿಗಿಯಾಗಿ ಹಿಂದಕ್ಕೆ ಎಳೆದು ಬಾಚುವ ತುರುಬು ಬೇಡ, ಕಿವಿ ಮೇಲೆ ಕೂದಲು ಸ್ವಲ್ಪ ಸಡಿಲ ಇರಲಿ. ಕಣತಲೆಯ ಹತ್ತಿರ ಕೂದಲು ಉದುರಿದ್ದರೆ ಹೆದರಬೇಡಿ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ. ಹೇರ್ ಡೈ ಆರು ವಾರ ಕಳೆದ ಮೇಲೆ, ಅದೂ ಮೊದಲು ಕೈಗೆ ಹಚ್ಚಿ ಅಲರ್ಜಿ ಇಲ್ಲ ಅಂತ ಖಚಿತ ಮಾಡಿಕೊಂಡು.

ಓಲೆ ಹಾಕಿ, ಹಗುರವಾದದ್ದು. ಜುಮುಕಿ ಈ ಮದುವೆಗೆ ಬೇಡ. ಹಾಲೆಯ ಬುಡದ ಹೊಲಿಗೆ ಇನ್ನೂ ಎಳೆಯದು, ಭಾರ ಬಿದ್ದರೆ ಹಾಲೆ ಕೆಳಕ್ಕೆ ಜಗ್ಗಿಕೊಂಡು ಹಾಗೇ ನಿಲ್ಲುತ್ತದೆ. ಜೋಮು ಇರುವುದರಿಂದ ಜಗ್ಗುತ್ತಿರುವುದು ನಿಮಗೆ ಗೊತ್ತೂ ಆಗುವುದಿಲ್ಲ. ಮಾಟಿ ಹಾಕಿದರೆ ಭಾರ ಕೂದಲಿಗೆ ಹೋಗುತ್ತದಲ್ಲ ಅಂತ ನೀವು ಕೇಳಬಹುದು. ಹೋಗುತ್ತದೆ, ಆದರೆ ಸರಪಳಿ ಹಾದುಹೋಗುವುದು ಸರಿಯಾಗಿ ಹೊಲಿಗೆ ಹಾಕಿದ ಜಾಗದ ಮೇಲೇ, ಇಡೀ ದಿನ ಅಲ್ಲೇ ಉಜ್ಜುತ್ತದೆ. ಓಲೆ ತಿರುಪು ಬಿಗಿಯುವ ಕೆಲಸ ಸೊಸೆಯೋ ಮಗಳೋ ಮಾಡಲಿ, ರಾತ್ರಿ ಬಿಚ್ಚಿದ ಮೇಲೆ ಹಾಲೆಯ ಹಿಂದೆ ಒಮ್ಮೆ ಟಾರ್ಚ್ ಹಾಕಿ ನೋಡಲಿ.